ಇಳಿವಯಸ್ಸಿನ ಹೊಸ ಚಟ: ಮನಸ್ಸಿನ ತಪ್ಪೋ, ಮಾತ್ರೆಯ ಪ್ರಭಾವವೋ?

ಜೀವಮಾನವಿಡೀ ಇಸ್ಪೀಟಿನ ಎಲೆ ಮುಟ್ಟದವರು ಅರವತ್ತು ದಾಟಿದ ಮೇಲೆ ಜೂಜಿಗೆ ಬಿದ್ದರೆ ಮನೆಯವರು ಏನೆನ್ನುತ್ತಾರೆ? ‘ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು’ ಎಂದು ಬೈಯುತ್ತಾರೆ. ಆದರೆ ಅವರು ಪಾರ್ಕಿನ್ಸನ್ ಕಾಯಿಲೆಗೆ ಔಷಧಿ ಸೇವಿಸುತ್ತಿದ್ದರೆ, ಬೈಯುವ ಮುನ್ನ ವೈದ್ಯರ ಚೀಟಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಕೈನಡುಕ, ಸ್ನಾಯುಗಳ ಬಿಗಿತ, ನಿಧಾನಗೊಂಡ ಚಲನೆ ಈ ಕಾಯಿಲೆಯ ಮುಖ್ಯ ಲಕ್ಷಣಗಳು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುವುದೇ ಇದಕ್ಕೆ ಕಾರಣ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದ ಔಷಧಿಗಳು ಡೋಪಮೈನ್‌ನಂತೆಯೇ ವರ್ತಿಸಿ ಚಲನೆಯನ್ನು ಸುಗಮಗೊಳಿಸುತ್ತವೆ. ಆದರೆ ‘ಇದು ಬೇಕು’ ಎಂಬ ಆಸೆಯನ್ನು ಕೆರಳಿಸುವ ಮಿದುಳಿನ ಭಾಗಗಳೂ ಡೋಪಮೈನ್ ಅನ್ನೇ ಬಳಸುತ್ತವೆ. ಔಷಧಿಯ ಪ್ರಭಾವ ಅಲ್ಲಿಗೂ ತಲಪುತ್ತದೆ.

ಪರಿಣಾಮವಾಗಿ ಕೆಲವರಲ್ಲಿ ಜೂಜು, ವಿಪರೀತ ಖರೀದಿ, ಅತಿಯಾಗಿ ತಿನ್ನುವುದು, ಅತಿಯಾದ ಕಾಮಾಸಕ್ತಿ ತಲೆದೋರುತ್ತವೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಈ ಬಗೆಯ ಔಷಧಿ ಸೇವಿಸುತ್ತಿದ್ದವರಲ್ಲಿ ಶೇ 17ರಷ್ಟು ಮಂದಿಗೆ, ಸೇವಿಸದವರಲ್ಲಿ ಶೇ 7ರಷ್ಟು ಮಂದಿಗೆ ಇಂಥ ತೊಂದರೆ ಇತ್ತು.

ಹಾಗಾದರೆ ನಮ್ಮ ಇಚ್ಛೆ ನಮ್ಮದಲ್ಲವೇ? ಅಮೆರಿಕದ ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಕುತೂಹಲಕಾರಿ ಪ್ರಯೋಗವೊಂದನ್ನು ಪ್ರಕಟಿಸಿದರು. ‘ಕೈ ಆಡಿಸಬೇಕು’ ಎಂಬ ಅರಿವು ಮೂಡುವುದಕ್ಕೆ ಸುಮಾರು ಮೂರನೇ ಒಂದು ಸೆಕೆಂಡ್ ಮೊದಲೇ ಮಿದುಳಿನಲ್ಲಿ ಸಿದ್ಧತೆ ಆರಂಭವಾಗಿರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದರೂ ಕೊನೆಯ ಗಳಿಗೆಯಲ್ಲಿ ‘ಬೇಡ’ ಎಂದು ತಡೆಯುವ ಶಕ್ತಿ ಮನುಷ್ಯನಿಗಿದೆ ಎಂದು ಅವರು ನಂಬಿದ್ದರು. ಈ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ. ನಮ್ಮ ರೋಗಿಯ ವಿಷಯದಲ್ಲಂತೂ ಆಸೆಯ ಸೆಳೆತ ಹೆಚ್ಚಿ, ತಡೆಯುವ ಶಕ್ತಿ ಸೋಲುತ್ತದೆ. ಬೈಗುಳದಿಂದ ಅದು ಮರಳಿ ಬಾರದು.

ಮನೆಯವರು ಏನು ಮಾಡಬೇಕು? ಹಿಂದಿಲ್ಲದ ಗೀಳು ಕಂಡರೆ ಮುಚ್ಚಿಡದೆ ನರರೋಗ ತಜ್ಞರಿಗೆ ತಿಳಿಸಿ. ನಾಚಿಕೆಯಿಂದ ರೋಗಿ ಹೇಳದಿರಬಹುದು, ನೀವೇ ಪ್ರಸ್ತಾಪಿಸಿ. ಯಾವ ಕಾರಣಕ್ಕೂ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಅಪಾಯ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಿದಾಗ ಅಥವಾ ಔಷಧಿ ಬದಲಿಸಿದಾಗ ಅನೇಕರಲ್ಲಿ ಗೀಳು ಇಳಿಯುತ್ತದೆ.

ರೋಗಿಯ ಇಚ್ಛೆಗೆ ಬೆಲೆಯೇ ಇಲ್ಲವೆಂದು ತಿಳಿಯಬೇಕಿಲ್ಲ. ಈ ಔಷಧಿ ಆರಂಭಿಸುವ ದಿನವೇ ಮನೆಯವರೆಲ್ಲ ಕುಳಿತು ಮಾತನಾಡಿ. ಬ್ಯಾಂಕಿನ ವ್ಯವಹಾರವನ್ನು ಯಾರು ಗಮನಿಸಬೇಕು ಎಂಬುದನ್ನು ರೋಗಿಯೇ ನಿರ್ಧರಿಸಲಿ. ಸೆಳೆತ ಬರುವ ಮೊದಲೇ ಕೈಗೊಂಡ ಆ ನಿರ್ಧಾರ ಸಂಪೂರ್ಣವಾಗಿ ಅವರದೇ.