ಜೂಜುಕಟ್ಟೆಯ ಹೊಗೆ: ಸೀಟಿ ಊದುವವರು ಯಾರು?

ಬಸ್ಸಿನೊಳಗೆ ಒಬ್ಬ ಬೀಡಿ ಹಚ್ಚಿದ ಅನ್ನಿ. ಕಂಡಕ್ಟರ್ ಸುಮ್ಮನೆ ಬಿಟ್ಟಾನೆಯೇ? "ಸ್ವಾಮೀ, ಬೀಡಿ ಆರ್ಸಿ. ಇಲ್ಲಾಂದ್ರೆ ಇಳೀರಿ" ಅಂತಾನೆ. ಕೇಳದಿದ್ದರೆ ಸೀಟಿ ಊದಿ ಗಾಡಿ ನಿಲ್ಲಿಸುತ್ತಾನೆ. ಸೀಟಿನಲ್ಲಿ ಕೂತವರೂ ಅವನ ಕಡೆಗೇ. ಬೀಡಿಯವನ ಟಿಕೆಟ್ಟು ಎಷ್ಟು ರೂಪಾಯಿಯದು ಅಂತ ಯಾರೂ ಕೇಳುವುದಿಲ್ಲ.

ಆದರೆ ಹೊಗೆ ಬಿಡುವ ಗಿರಾಕಿ ಒಂದು ಆಟಕ್ಕೆ ಲಕ್ಷ ಕಟ್ಟುವ ಮಹಾಶಯನಾದರೆ? ಆಗ ಸೀಟಿ ಊದುವ ಧೈರ್ಯ ಯಾರಿಗಿದೆ?

ಇದು ಕ್ಯಾಸಿನೋಗಳ ಕಥೆ. ಕ್ಯಾಸಿನೋ ಅಂದರೆ ಲೈಸೆನ್ಸ್ ಪಡೆದ ಜೂಜುಕಟ್ಟೆ. ಗೋವಾಕ್ಕೆ ಹೋಗಿಬಂದವರು ಪಣಜಿಯ ಮಾಂಡೋವಿ ನದಿಯಲ್ಲಿ ಝಗಝಗಿಸುತ್ತ ನಿಂತ ಜೂಜಿನ ಹಡಗುಗಳನ್ನು ನೋಡಿರುತ್ತಾರೆ. ಆ ಹಡಗುಗಳಿಗೆ ದೊಡ್ಡಣ್ಣ ಅನ್ನಬಹುದಾದ ಊರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿ. ಕಡಲ ದಂಡೆಯ ಆ ಊರಲ್ಲಿ ಮೊದಲ ಕ್ಯಾಸಿನೋ ಬಾಗಿಲು ತೆರೆದದ್ದು 1978ರಲ್ಲಿ.

ಕಾನೂನಿಗೊಂದು ಕಿಂಡಿ

2006ರ ಏಪ್ರಿಲ್ 15ರಿಂದ ನ್ಯೂಜೆರ್ಸಿಯಲ್ಲಿ ಹೊಸ ಕಾನೂನು ಬಂತು. ಆಫೀಸು, ಬಾರು, ಊಟದ ಹೋಟೆಲು, ಎಲ್ಲೂ ಒಳಗೆ ಸಿಗರೇಟು ಸೇದುವಂತಿಲ್ಲ. ಬಾರಿನವನು ಬೋರ್ಡು ಹಾಕಿದ, ಹೋಟೆಲಿನವನು ಬೋರ್ಡು ಹಾಕಿದ. ಕ್ಯಾಸಿನೋದ ಜೂಜಿನ ಅಂಗಳಕ್ಕೆ ಮಾತ್ರ ವಿನಾಯಿತಿ! ಸೇದುವ ಗಿರಾಕಿ ಪಕ್ಕದ ರಾಜ್ಯಕ್ಕೆ ಹೋದಾನು, ವರಮಾನ ತಪ್ಪೀತು, ಜನರ ಕೆಲಸ ಹೋದೀತು ಎಂಬುದು ಕೊಟ್ಟ ಕಾರಣ.

ಊರಿನ ಕೌನ್ಸಿಲ್ ಸುಮ್ಮನೆ ಕೂರಲಿಲ್ಲ. 2007ರಲ್ಲಿ ಅಂಗಳದ ನಾಲ್ಕನೇ ಒಂದು ಭಾಗದಲ್ಲಿ ಮಾತ್ರ ಸೇದಬಹುದು ಎಂದಿತು. 2008ರ ಅಕ್ಟೋಬರ್ 15ರಿಂದ ಪೂರ್ತಿ ನಿಷೇಧ ಎಂದೂ ಹೇಳಿ ಜಾರಿಗೆ ತಂದಿತು. ಆದರೆ ಅದು ಅಮೆರಿಕದ ಬ್ಯಾಂಕುಗಳು ಮಗುಚಿಬಿದ್ದ ಕಾಲ. ವ್ಯಾಪಾರ ಮುಳುಗಿತು ಅನ್ನೋ ಕೂಗೆದ್ದಿತು. ತಿಂಗಳು ತುಂಬುವಷ್ಟರಲ್ಲಿ ನಿಷೇಧ ಮಾಯ! ನಾಲ್ಕನೇ ಒಂದು ಭಾಗದ ಹಳೇ ಲೆಕ್ಕ ವಾಪಸು ಬಂತು.

ಹೊಗೆ ಗೆರೆ ದಾಟುವುದಿಲ್ಲವೇ?

ಒಂದೇ ಛಾವಣಿಯ ಕೆಳಗೆ ಇಷ್ಟು ಭಾಗ ಸೇದುವವರಿಗೆ, ಇಷ್ಟು ಭಾಗ ಸೇದದವರಿಗೆ ಎಂದು ಪಾಲು ಮಾಡಿದರೆ ಹೊಗೆ ಕೇಳೀತೇ? ಅಮೆರಿಕ ಸರ್ಕಾರದ ಹಿರಿಯ ವೈದ್ಯಾಧಿಕಾರಿ, ಅವರ ಮಾತಿನಲ್ಲಿ ಸರ್ಜನ್ ಜನರಲ್, 2006ರ ವರದಿಯಲ್ಲೇ ಸ್ಪಷ್ಟವಾಗಿ ಹೇಳಿದ್ದರು: ಪರರ ಸಿಗರೇಟಿನ ಹೊಗೆ ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ, ಫ್ಯಾನು, ಗಾಳಿಯಂತ್ರ ಯಾವುದೂ ಅದನ್ನು ಪೂರ್ತಿ ತೆಗೆಯದು.

ಈ ಹೊಗೆ ಕುಡಿಯುವವರು ಯಾರು? ಇಸ್ಪೀಟು ಎಲೆ ಹಂಚುವ ಡೀಲರುಗಳು. ಗಿರಾಕಿ ಮೇಜಿನ ಆಚೆ ಬದಿ, ಇವರು ಈಚೆ ಬದಿ. ನಡುವೆ ಒಂದೆರಡು ಮೊಳ. ಹೊಗೆ ನೇರ ಮುಖಕ್ಕೇ. ಪಾಳಿ ಮುಗಿಯುವವರೆಗೆ ಮೇಜು ಬಿಟ್ಟು ಕದಲುವಂತಿಲ್ಲ. "ಅಣ್ಣಾ, ಆ ಕಡೆ ಬಿಡಿ" ಅಂದರೆ ಭಕ್ಷೀಸಿಗೆ ಕಲ್ಲು. ಸಂಸಾರ ನಡೆಯುವುದು ಬಹುಪಾಲು ಆ ಭಕ್ಷೀಸಿನ ಮೇಲೆಯೇ.

ಲಾಸ್ ವೇಗಸ್‌ನ ಕ್ಯಾಸಿನೋಗಳಲ್ಲಿ ಸಿಗರೇಟನ್ನೇ ಮುಟ್ಟದ ಡೀಲರುಗಳ ಮೂತ್ರವನ್ನು ಸರ್ಕಾರಿ ಸಂಶೋಧಕರು ಪರೀಕ್ಷೆ ಮಾಡಿದ್ದುಂಟು. ತಂಬಾಕಿನ ಕ್ಯಾನ್ಸರ್‌ಕಾರಕ ವಸ್ತು ಮೈಯೊಳಗೆ ಸೇರಿದ್ದರ ಗುರುತು ಪಾಳಿ ಶುರುವಾದಾಗ ಇದ್ದುದಕ್ಕಿಂತ ಪಾಳಿ ಮುಗಿದಾಗ ಹೆಚ್ಚಾಗಿತ್ತು. ಸೇದಿದವರು ಬೇರೆ, ಸುಂಕ ಕಟ್ಟಿದವರು ಬೇರೆ!

ಕೊರೊನಾ ಕಲಿಸಿದ ಪಾಠ

2020ರ ಜುಲೈನಲ್ಲಿ ಕೊರೊನಾ ಬೀಗ ತೆಗೆದು ಕ್ಯಾಸಿನೋಗಳು ಮತ್ತೆ ತೆರೆದಾಗ ಒಳಗೆ ಸಿಗರೇಟಿಗೆ ತಡೆ ಬಿತ್ತು. ಡೀಲರುಗಳಿಗೆ ಒಂದು ವರ್ಷ ಶುದ್ಧ ಗಾಳಿ ಸಿಕ್ಕಿತು. 2021ರ ಜುಲೈ 4ಕ್ಕೆ ತಡೆ ತೆಗೆದರು, ಹೊಗೆ ಮರಳಿತು. ಒಮ್ಮೆ ಒಳ್ಳೇ ಗಾಳಿಯ ರುಚಿ ಕಂಡವರು ಮತ್ತೆ ಸುಮ್ಮನಿರುತ್ತಾರೆಯೇ? ನೌಕರರು ಸಂಘ ಕಟ್ಟಿದರು. ಶಾಸಕರ ಮನೆ ಬಾಗಿಲು ತಟ್ಟಿದರು. 2024ರ ಏಪ್ರಿಲ್‌ನಲ್ಲಿ ಕೋರ್ಟು ಹತ್ತಿದರು. ಆಗಸ್ಟ್‌ನಲ್ಲಿ ಕೆಳ ನ್ಯಾಯಾಲಯ ಅರ್ಜಿ ವಜಾ ಮಾಡಿತು, ಅವರು ಮೇಲ್ಮನವಿ ಹಾಕಿದರು.

ವಿಚಿತ್ರವೆಂದರೆ ಹೋಟೆಲ್ ಕಾರ್ಮಿಕರ ಇನ್ನೊಂದು ಯೂನಿಯನ್ನು ಮಾಲೀಕರ ಪಕ್ಕ ನಿಂತಿತು. ಗಿರಾಕಿ ಹೋದರೆ ಕೆಲಸವೂ ಹೋಗುತ್ತದಲ್ಲ ಎಂಬ ಭಯ. ಆ ಭಯ ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಹೊಟ್ಟೆಪಾಡು. ರೆವೆಲ್ ಎಂಬ ಭಾರೀ ಕ್ಯಾಸಿನೋ 2012ರಲ್ಲಿ ಹೊಗೆಯಿಲ್ಲದೆ ಶುರುವಾಗಿ ಮರುವರ್ಷವೇ ದಿವಾಳಿ ಅರ್ಜಿ ಹಾಕಿತ್ತು. "ನೋಡಿ, ಆಗಲಿಲ್ಲ" ಎಂದರು ಹೊಗೆ ಪಕ್ಷದವರು. ಆದರೆ ರೆವೆಲ್ ಆಮೇಲೆ ಸೇದಲು ಬಿಟ್ಟಿತು. ಬಿಟ್ಟ ಮೇಲೂ 2014ರಲ್ಲಿ ಬಾಗಿಲು ಹಾಕಿತು! ಇದಕ್ಕೇನಂತಾರೆ?

ಮಕಾವ್ ಮಾಡಿ ತೋರಿಸಿತು

ಚೀನಾಕ್ಕೆ ಸೇರಿದ ಮಕಾವ್‌ನ ಬದುಕೇ ಜೂಜಿನ ಮೇಲೆ. ಅಲ್ಲೂ ಒಂದೇ ದಿನಕ್ಕೆ ಆಗಲಿಲ್ಲ. 2013ರಿಂದ ಅರ್ಧ ಅಂಗಳಕ್ಕೆ ಮಾತ್ರ ಹೊಗೆ. 2014ರ ಅಕ್ಟೋಬರ್‌ನಿಂದ ಸಾಮಾನ್ಯರ ಅಂಗಳದಲ್ಲಿ ಪ್ರತ್ಯೇಕ ಕೋಣೆ ಬಿಟ್ಟು ಬೇರೆಲ್ಲೂ ಇಲ್ಲ. ಆಗಲೂ ಕುಬೇರರು ಆಡುವ ವಿಐಪಿ ಕೊಠಡಿಗೆ ರಿಯಾಯಿತಿ ಉಳಿದಿತ್ತು. 2019ರ ಜನವರಿ 1ಕ್ಕೆ ಅದೂ ಹೋಯಿತು. ಸೇದಬೇಕಾದವನು ಒಪ್ಪಿಗೆ ಪಡೆದ ಕೋಣೆಗೇ ಎದ್ದುಹೋಗಬೇಕು. ಅಲ್ಲಿ ಜೂಜಿನ ಮೇಜಿಲ್ಲ, ಎಲೆ ಹಂಚುವವರೂ ಇಲ್ಲ. ತಪ್ಪಿದರೆ 1500 ಪಟಾಕಾ ದಂಡ. ಹಾಕುವವರು ಸರ್ಕಾರದ ಇನ್ಸ್‌ಪೆಕ್ಟರುಗಳು. ಡೀಲರ್ ಬಾಯಿ ತೆರೆಯಬೇಕಿಲ್ಲ.

ನಮ್ಮ ಊರಿಗೆ ಏನು?

ನಮ್ಮ ದೇಶದಲ್ಲಿ ಸಾರ್ವಜನಿಕ ಸ್ಥಳದ ನಿಯಮ 2008ರ ಅಕ್ಟೋಬರ್ 2ರಿಂದ ಇದೆ. ಹೋಟೆಲು, ಆಫೀಸು, ಬಸ್ ನಿಲ್ದಾಣ ಎಲ್ಲಾ ಸೇರಿತು. ದಂಡ 200 ರೂಪಾಯಿವರೆಗೆ ಇತ್ತು, ಕರ್ನಾಟಕದಲ್ಲಿ 2025ರಲ್ಲಿ 1000ಕ್ಕೆ ಏರಿತು. ಬೋರ್ಡು ಹಾಕುವುದು ಮಾಲೀಕನ ಹೊಣೆ. ಬೂದಿ ತಟ್ಟೆ, ಬೆಂಕಿಪೊಟ್ಟಣ ಇಡುವಂತಿಲ್ಲ. ದೂರು ಬಂದಾಗ ಕಣ್ಣುಮುಚ್ಚಿ ಕೂತರೆ ಒಳಗೆ ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡ ಅವನ ತಲೆಗೆ! 30 ಜನ ಕೂರುವ ಹೋಟೆಲಿಗೆ ಆ ನಿಯಮ ಸೇದುವ ಪ್ರತ್ಯೇಕ ಕೋಣೆ ಕೊಟ್ಟಿತು, ಆದರೆ ಆ ಕೋಣೆಯಲ್ಲಿ ಬೇರೇನೂ ಸಪ್ಲೈ ಮಾಡುವಂತಿಲ್ಲ ಎಂದಿತು. ಅರ್ಥ ಇಷ್ಟೇ: ದುಡಿಯುವವನನ್ನು ಹೊಗೆಯೊಳಗೆ ನಿಲ್ಲಿಸಬೇಡಿ.

ನಡೆಯುವುದೇನು? ದೊಡ್ಡ ಕುಳ ಮೂಲೆ ಟೇಬಲಿನಲ್ಲಿ ಸಿಗರೇಟು ಹಚ್ಚುತ್ತಾನೆ. ಗಲ್ಲಾದ ಯಜಮಾನರು ನೋಟು ಎಣಿಸುತ್ತ ಸಪ್ಲೈಯರ್ ಹುಡುಗನಿಗೆ ಕಣ್ಸನ್ನೆ ಮಾಡುತ್ತಾರೆ, "ನೀನೇ ಹೇಳೋ" ಅಂತ. ಆ ಹುಡುಗ ಏನು ಹೇಳಿಯಾನು, ಪಾಪ?

ಯಜಮಾನರೇ, ಸೀಟಿ ಇರುವುದು ನಿಮ್ಮ ಕೈಲಿ. ನೀವೇ ಎದ್ದು ಊದಿ.