ತಿಜೋರಿಯ ನಂಬರು

1958ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಬಿಲ್ ಕರ್ಕ್‌ಪ್ಯಾಟ್ರಿಕ್ ಎಂಬಾತ ಕಡಲಡಿಯ ಹಡಗೊಂದರಿಂದ ಉಕ್ಕಿನ ತಿಜೋರಿಯನ್ನು ಮೇಲಕ್ಕೆ ತಂದ. ತಿಜೋರಿ ಎಂದಮೇಲೆ ಆಸೆ ಹುಟ್ಟದೆ ಇರುತ್ತದೆಯೇ? ಬಾಗಿಲು ತೆರೆದರೆ ಒಳಗಿದ್ದದ್ದು ಕಪ್ಪು ಕೆಸರು ಮಾತ್ರ. ಆದರೆ ತಯಾರಕರು ಹಾಕಿದ್ದ ನಂಬರಿನ ಒಂದಿಷ್ಟು ಭಾಗ ಇನ್ನೂ ಓದಲು ಬರುವಂತಿತ್ತು. ಆ ನಂಬರನ್ನು ಇಂಗ್ಲೆಂಡಿನ ಚಬ್ ಕಂಪನಿಗೆ ಬರೆದು ಕೇಳಿದರು. 1961ರಲ್ಲಿ ಗುರುತು ಸಿಕ್ಕಿತು. ಅದು ಚಬ್ ಕಂಪನಿಯೇ 1903ರಲ್ಲಿ ‘ಯೊಂಗಾಲ’ ಎಂಬ ಹಡಗಿನ ಪರ್ಸರ್ ಕೋಣೆಗೆ ಮಾಡಿಕೊಟ್ಟ ತಿಜೋರಿ. ಪರ್ಸರ್ ಎಂದರೆ ಹಡಗಿನ ಲೆಕ್ಕಪತ್ರ, ಹಣಕಾಸು ನೋಡಿಕೊಳ್ಳುವವನು. ಐವತ್ತು ವರ್ಷ ಎಲ್ಲಿ ಹೋಯಿತೆಂದೇ ತಿಳಿಯದಿದ್ದ ಹಡಗಿನ ವಿಳಾಸ ಹೀಗೆ ಅರ್ಧ ಅಳಿದ ಒಂದು ನಂಬರಿನಿಂದ ಪತ್ತೆಯಾಯಿತು.

ಮುಳುಗಿದ ಹಡಗು ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಚಿನ್ನದ ನಾಣ್ಯ ತುಂಬಿದ ಪೆಟ್ಟಿಗೆ. ಅದು ಸಿನಿಮಾದ ಕೆಲಸ. ಕಡಲಡಿಯ ಹಡಗನ್ನು ಓದಬಲ್ಲವರಿಗೆ ಪೆಟ್ಟಿಗೆಗಿಂತ ಅದರ ಮೇಲಿನ ಅಕ್ಷರ ದೊಡ್ಡದು. ಆ ಪೆಟ್ಟಿಗೆ ಯಾವ ಕೋಣೆಯಲ್ಲಿ, ಯಾವ ಮಗ್ಗುಲಿಗೆ ಬಿದ್ದಿತ್ತು ಎಂಬುದು ಇನ್ನೂ ದೊಡ್ಡದು.

ಯೊಂಗಾಲ ಸುಮಾರು 107 ಮೀಟರ್ ಉದ್ದದ ಉಕ್ಕಿನ ಉಗಿಹಡಗು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಟ್ಟಿದ್ದು, ಅಡಿಲೇಡ್ ಸ್ಟೀಮ್‌ಶಿಪ್ ಕಂಪನಿಗೆ ಸೇರಿದ್ದು. 1911ರ ಮಾರ್ಚ್‌ನಲ್ಲಿ ಅದು ಮೆಲ್ಬರ್ನ್‌ನಿಂದ ಉತ್ತರದ ಕೇರ್ನ್ಸ್‌ನತ್ತ ಹೊರಟಿತ್ತು. ಆಸ್ಟ್ರೇಲಿಯಾದ ನೀರಿನಲ್ಲಿ ಅದರ 99ನೆಯ ಪ್ರಯಾಣ. ಮಾರ್ಚ್ 23ರ ಮಧ್ಯಾಹ್ನ ಮ್ಯಾಕಾಯ್ ಬಂದರಿನಿಂದ ಹೊರಟಾಗ ಹಡಗಿನಲ್ಲಿದ್ದವರು 122 ಮಂದಿ. ಜೊತೆಗೆ ಮೂನ್‌ಶೈನ್ ಎಂಬ ಹೆಸರಿನ ಪಂದ್ಯದ ಕುದುರೆಯೊಂದು.

ಹಡಗು ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ, ಮ್ಯಾಕಾಯ್ ಮತ್ತು ಟೌನ್ಸ್‌ವಿಲ್ ನಡುವೆ ಚಂಡಮಾರುತ ಎದ್ದಿದೆ ಎಂಬ ತಂತಿ ದಡದ ಸಂಕೇತ ಠಾಣೆಗೆ ಬಂತು. ಹಿಂದೆ ಬರುತ್ತಿದ್ದ ಹಡಗುಗಳು ಎಚ್ಚರಿಕೆ ತಿಳಿದು ಮರೆ ಹುಡುಕಿ ಲಂಗರು ಹಾಕಿದವು. ಮುಂದೆ ಹೋಗಿಬಿಟ್ಟಿದ್ದ ಯೊಂಗಾಲಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ? ಅದರಲ್ಲಿ ವೈರ್‌ಲೆಸ್ ಇರಲಿಲ್ಲ. ಯೊಂಗಾಲಕ್ಕೆಂದೇ ಕಳಿಸಿದ್ದ ವೈರ್‌ಲೆಸ್ ಯಂತ್ರ ಇಂಗ್ಲೆಂಡಿನಿಂದ ಇನ್ನೂ ದಾರಿಯಲ್ಲಿತ್ತು. ಕತೆಗಾರ ಹೀಗೆ ಬರೆದರೆ ತೀರಾ ಕಟ್ಟಿದಂತಿದೆ ಎನ್ನುತ್ತೇವೆ. ನಡೆದದ್ದು ಮಾತ್ರ ಹಾಗೆಯೇ. ಆ ಸಂಜೆ ಡೆಂಟ್ ದ್ವೀಪದ ದೀಪಸ್ತಂಭದ ಕಾವಲುಗಾರ ಹಡಗು ಹಾದುಹೋಗುವುದನ್ನು ಕಂಡ. ಆಮೇಲೆ ಅದನ್ನು ಕಂಡವರಿಲ್ಲ. ಕೆಲವು ದಿನಗಳ ನಂತರ ಟಪಾಲಿನ ಚೀಲಗಳು, ಮರದ ಚೂರುಪಾರು, ಮೂನ್‌ಶೈನ್ ಕುದುರೆಯ ಕಳೇಬರ ದಡಕ್ಕೆ ಬಂದವು. ಮನುಷ್ಯರದು ಒಂದು ದೇಹವೂ ಬರಲಿಲ್ಲ.

ವಿಚಾರಣೆ ನಡೆಯಿತು. ಹಡಗು ಗಟ್ಟಿಯಾಗಿತ್ತು, ಕ್ಯಾಪ್ಟನ್ ವಿಲಿಯಂ ನೈಟ್ ನುರಿತವನಾಗಿದ್ದ, ಏನಾಯಿತೆಂದು ಹೇಳಲಾಗದು ಎಂದು ಮಂಡಳಿ ಕೈಚೆಲ್ಲಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸಿಡಿಗುಂಡು ತೆಗೆಯುವ ನೌಕೆಯೊಂದಕ್ಕೆ ಬೌಲಿಂಗ್ ಗ್ರೀನ್ ಭೂಶಿರದ ಪೂರ್ವಕ್ಕೆ ನೀರಿನಡಿ ಏನೋ ತೊಡರಿತು. ದಿಬ್ಬವಿರಬೇಕೆಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡರು. 1947ರಲ್ಲಿ ನೌಕಾಪಡೆಯ ಲಾಕ್ಲನ್ ಹಡಗು ಶಬ್ದದ ಅಲೆ ಕಳಿಸಿ ಅಳೆದು, ಇದು ದಿಬ್ಬವಲ್ಲ, ಬಹುಶಃ ಉಗಿಹಡಗು ಎಂದಿತು. ಯಾವ ಹಡಗು ಎಂಬುದನ್ನು ಹೇಳಲು ಮಾತ್ರ ತಿಜೋರಿಯೇ ಬೇಕಾಯಿತು.

ಈಗ ಅಲ್ಲಿಗೆ ಇಳಿಯುವ ಮಾತು. ಟೌನ್ಸ್‌ವಿಲ್‌ನ ಆಗ್ನೇಯಕ್ಕೆ, ದಡದಿಂದ ಇಪ್ಪತ್ತು ಕಿಲೋಮೀಟರಿನಷ್ಟು ಒಳಗೆ, ಸುಮಾರು 30 ಮೀಟರ್ ಆಳದ ಮರಳಿನ ಮೇಲೆ ಯೊಂಗಾಲ ಬಲಮಗ್ಗುಲಾಗಿ ಮಲಗಿದೆ. ಮೇಲಕ್ಕೆ ಬಂದಿರುವ ಎಡಮಗ್ಗುಲು ನೀರಿನ ಮಟ್ಟದಿಂದ 15 ಮೀಟರ್ ಕೆಳಗೆ. ಸುತ್ತ ಬಯಲು ಕಡಲು. ಸೆಳೆತ ಜೋರಿರುವ ದಿನಗಳೇ ಹೆಚ್ಚು. ಹಾಗಾಗಿ ಬೋಯೆಗೆ ಕಟ್ಟಿದ ಹಗ್ಗವನ್ನು ಹಿಡಿದೇ ಇಳಿಯಬೇಕು. ಕೈ ಬಿಟ್ಟವರನ್ನು ನೀರು ಹಡಗಿನಿಂದ ಆಚೆ ಒಯ್ದುಬಿಡುತ್ತದೆ.

ನಮ್ಮಲ್ಲಿ ಸ್ಕೂಬಾ ಎಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಮುಳುಗಿ, ಫೋಟೋ ತೆಗೆಸಿಕೊಂಡು ಬರುವುದು ಎಂದುಕೊಂಡವರು ಬಹಳ. ಅಲ್ಲಿ ಹೊಸಬರನ್ನು ತರಬೇತುದಾರ ಹಿಡಿದುಕೊಂಡೇ ಸ್ವಲ್ಪ ಆಳಕ್ಕೆ ಒಯ್ಯುತ್ತಾನೆ. ಈಜು ಬಾರದವರೂ ಹೋಗಿಬರುತ್ತಾರೆ. ತಪ್ಪೇನಿಲ್ಲ, ಆದರೆ ಯೊಂಗಾಲದಂಥ ಕಡೆಗೆ ಆ ಲೆಕ್ಕ ಸಾಲದು. ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಸಾಮಾನ್ಯವಾಗಿ ಹಾಕುವ ಮಿತಿ 18 ಮೀಟರ್, ಮುಂದಿನ ಹಂತದವರಿಗೆ 30 ಮೀಟರ್. ಈ ಅಂಕಿಗಳ ಹಿಂದೆ ಇರುವುದು ಕಚೇರಿಯ ನಿಯಮವಲ್ಲ, ಗಾಳಿಯ ಲೆಕ್ಕ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ನಮ್ಮ ಮೇಲಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 30 ಮೀಟರಿನಲ್ಲಿ ಅದು ದಡದಲ್ಲಿರುವುದರ ನಾಲ್ಕು ಪಟ್ಟು. ಬೆನ್ನಿನ ಮೇಲಿನ 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ, ಬಿಡಿಸಿದಾಗ ಅದು 2400 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದಲ್ಲಿ ಎರಡು ಗಂಟೆ ಸಾಕಾಗುತ್ತದೆ. ಆಳದಲ್ಲಿ ಅದೇ ಎದೆ ತುಂಬಬೇಕಾದರೆ ಒತ್ತಿ ದಟ್ಟವಾದ ಗಾಳಿ ಬೇಕು. 30 ಮೀಟರಿನಲ್ಲಿ ಪ್ರತಿ ಉಸಿರಿಗೂ ನಾಲ್ಕು ಉಸಿರಿನ ಗಾಳಿ ಖರ್ಚು. ಎರಡು ಗಂಟೆ ಅರ್ಧ ಗಂಟೆಯಾಯಿತು. ಅದರಲ್ಲಿ 50 ಬಾರ್ ಮುಟ್ಟದೆ ಉಳಿಸಿಕೊಂಡು ಮೇಲೆ ಬರಬೇಕು. ಹೆದರಿ ಏದುಸಿರು ಬಿಡುವವನಿಗೆ ಇನ್ನೂ ಕಡಿಮೆ. ನುರಿತವರು ಕೈಯಾಡಿಸದೆ, ಕಾಲನ್ನು ನಿಧಾನವಾಗಿ ಬಡಿಯುತ್ತಾ ತೇಲುವುದು ಚೆಂದಕ್ಕಲ್ಲ, ಉಳಿತಾಯಕ್ಕೆ.

ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೂ ಕೊಬ್ಬಿಗೂ ಕರಗಿ ಸೇರುತ್ತದೆ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಕೂತಿರುವವರೆಗೆ ಒಳಗೆ ನೀರು ತಣ್ಣಗೆ, ತೆಪ್ಪಗೆ. ಗೋಲಿ ಒತ್ತಿದ ಕ್ಷಣ ಬುಸ್ ಎಂದು ಗುಳ್ಳೆ. ಆಳದಿಂದ ಸರ್ರನೆ ಮೇಲೆ ಬಂದವನ ಮೈಯೊಳಗೂ ಹೀಗೆಯೇ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆದೀತು. ಆದ್ದರಿಂದ ಇಳಿಯುವುದಕ್ಕಿಂತ ಏರುವುದು ನಿಧಾನ. ಮೇಲೆ ಬರುವ ಮುನ್ನ 5 ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲಬೇಕು. ಅದೇ ಸಾರಜನಕ 30 ಮೀಟರಿನ ಸುಮಾರಿಗೆ ಕೆಲವರಿಗೆ ಸಣ್ಣ ಅಮಲನ್ನೂ ಕೊಡುತ್ತದೆ. ಗೇಜು ನೋಡಿದರೂ ಅಂಕಿ ತಲೆಗೆ ಹತ್ತುವುದಿಲ್ಲ. ಆದರೂ ಎಲ್ಲ ಸರಿಯಾಗಿದೆ ಎಂಬ ಖುಷಿ! ಕಡಲಡಿಯಲ್ಲಿ ಹೆದರಬೇಕಾದದ್ದು ಶಾರ್ಕಿಗಲ್ಲ, ಈ ಖುಷಿಗೆ.

ಇಷ್ಟೆಲ್ಲ ಲೆಕ್ಕ ಹಾಕಿ ಇಳಿದವನಿಗೆ ಹಡಗಿನ ಮುಂದೆ ಸಿಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಮೊದಲು ಕಾಣುವುದು ಹಡಗಲ್ಲ, ಮೀನಿನ ಮೋಡ. ಕಾರಣವಿದೆ. ಹವಳದ ಮರಿಗೆ ಹುಟ್ಟಿದ ಕೂಡಲೇ ಬೇಕಾದದ್ದು ಕಚ್ಚಿಕೊಳ್ಳಲು ಗಟ್ಟಿಯಾದ ಒಂದು ಜಾಗ. ಮೈಲಿಗಟ್ಟಲೆ ಮರಳಿರುವ ಕಡೆ ನೂರು ಮೀಟರಿನ ಉಕ್ಕಿನ ಗೋಡೆ ಬಿದ್ದರೆ ಅದು ಬಯಲುಸೀಮೆಯ ಒಂಟಿ ಆಲದಮರವಿದ್ದಂತೆ. ಸುತ್ತಲಿನ ಜೀವವೆಲ್ಲ ಅಲ್ಲಿಗೇ ಬಂದು ಕೂಡುತ್ತದೆ. ಸೆಳೆತ ಆಹಾರ ತಂದು ಸುರಿಯುತ್ತದೆ. ಮೆದು ಹವಳ, ಅದರ ನಡುವೆ ಸಣ್ಣ ಮೀನು, ಅದನ್ನು ತಿನ್ನಲು ಬರ್ರಕುಡಾ, ಅಗಲ ರೆಕ್ಕೆಯ ತೊರಕೆ, ಕಡಲಾಮೆ, ಕುತೂಹಲಕ್ಕೆ ಹತ್ತಿರ ಬರುವ ಕಡಲ ಹಾವು. ಮನುಷ್ಯನಿಗಿಂತ ಉದ್ದ ಬೆಳೆಯುವ ದೈತ್ಯ ಮುರು ಮೀನುಗಳು ಹಡಗಿನಡಿಯ ನೆರಳಿನಲ್ಲಿ ಊರ ಹಿರಿಯರ ಗತ್ತಿನಲ್ಲಿ ನಿಂತಿರುತ್ತವೆ. ಎಲ್ಲವೂ ನೀಲಿ ಬೂದು ಬಣ್ಣ, ಏಕೆಂದರೆ ಮೊದಲ ಕೆಲವು ಮೀಟರುಗಳಲ್ಲೇ ನೀರು ಕೆಂಪನ್ನು ನುಂಗಿಬಿಟ್ಟಿರುತ್ತದೆ. ಟಾರ್ಚ್ ಹಾಕಿದ ಕಡೆ ಮಾತ್ರ ಕುಂಕುಮದ, ಕೇಸರಿಯ ಹವಳ ತಟ್ಟನೆ ಎದ್ದು, ಟಾರ್ಚ್ ತಿರುಗಿದೊಡನೆ ಆರಿಹೋಗುತ್ತದೆ.

ಒಳಗೆ ಹೋಗುವಂತಿಲ್ಲ. 1976ರ ಐತಿಹಾಸಿಕ ಹಡಗುಗಳ ಕಾಯ್ದೆಯಡಿ 1981ರಿಂದ ಯೊಂಗಾಲಕ್ಕೆ ರಕ್ಷಣೆಯಿದೆ. 2018ರ ಹೊಸ ಕಾಯ್ದೆಯೂ ಅದನ್ನು ಮುಂದುವರಿಸಿದೆ. ಹತ್ತಿರ ಹೋಗಲು ಪರವಾನಗಿ ಬೇಕು, ಏನನ್ನೂ ಮುಟ್ಟಬಾರದು. ಮೊದಲ ಕಾರಣ ಯಾರಿಗೂ ಹೇಳಿಕೊಡಬೇಕಾಗಿಲ್ಲ: ಅದು 122 ಮಂದಿಯ ಸಮಾಧಿ, ಒಳಗೆ ಇನ್ನೂ ಅಸ್ಥಿಗಳಿವೆ. ಎರಡನೆಯದು ಹೊಳೆಯುವುದು ಕಷ್ಟ. ಒಳಹೊಕ್ಕವನು ಬಿಟ್ಟ ಉಸಿರು ಹೊರಗೆ ಹೋಗಲಾರದೆ ಸೂರಿನಡಿ ಗುಳ್ಳೆಯಾಗಿ ಕೂರುತ್ತದೆ, ಅದರ ಆಮ್ಲಜನಕ ಉಕ್ಕನ್ನು ತುಕ್ಕು ಹಿಡಿಸುತ್ತದೆ. ಇಷ್ಟು ಕಾಲ ಉಪ್ಪುನೀರಿನಲ್ಲಿದ್ದೂ ಆ ಉಕ್ಕು ಉಳಿದದ್ದು ಅದರ ಮೈಮೇಲೆ ಹವಳ, ಚಿಪ್ಪು, ಸುಣ್ಣ ಸೇರಿ ಕಟ್ಟಿದ ಹೊದಿಕೆಯಿಂದ. ಹೊದಿಕೆ ಕಿತ್ತಲ್ಲಿ ತುಕ್ಕು ಹೊಸದಾಗಿ ಶುರು. ಹಿಂದೆ ದೋಣಿಗಳು ಹಾಕುತ್ತಿದ್ದ ಲಂಗರು ಈ ಹೊದಿಕೆಯನ್ನು ಸುಲಿಯುತ್ತಿತ್ತು, ಅದಕ್ಕೇ ಈಗ ಕಟ್ಟುಹಗ್ಗದ ಬೋಯೆಗಳಿವೆ. ಚಂಡಮಾರುತಕ್ಕೆ ಪರವಾನಗಿ ಕೇಳುವವರು ಯಾರು? ಹಡಗು ಮುಳುಗಿ ಇನ್ನೇನು ನೂರು ವರ್ಷ ತುಂಬಬೇಕು ಎನ್ನುವಾಗ, 2011ರ ಫೆಬ್ರುವರಿಯಲ್ಲಿ, ಯಾಸಿ ಎಂಬ ಚಂಡಮಾರುತ ಹಾದು ಬಹಳಷ್ಟು ಹವಳವನ್ನು ಕೆರೆದು ಹಾಕಿತು.

ಮುಟ್ಟಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಕೆಂಪು ಸಮುದ್ರದ ‘ತಿಸಲ್‌ಗಾರ್ಮ್’ ಇದೆ. 1941ರ ಅಕ್ಟೋಬರಿನಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿದ ಬ್ರಿಟಿಷ್ ಸರಕು ಹಡಗು. ಹೊಟ್ಟೆಯೊಳಗೆ ಲಾರಿ, ಮೋಟಾರ್‌ಸೈಕಲ್, ಬೂಟು, ಮದ್ದುಗುಂಡು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು, ಬಿಡಿಭಾಗ ಬಿಚ್ಚಿಕೊಂಡು ಹೋದರು. ಎಷ್ಟೋ ದೋಣಿಗಳು ಹಡಗಿನ ಮೈಗೇ ಹಗ್ಗ ಬಿಗಿದು ಅದನ್ನು ಜಗ್ಗಿದವು. ಮನೆಯ ಶೋಕೇಸಿಗೆ ಹೋದ ಒಂದು ಮೀಟರು ಬರಿಯ ಹಳೆಯ ಮೀಟರು. ಅದು ಯಾವ ಗಾಡಿಯಲ್ಲಿ, ಯಾವ ಸರಕಿನ ಪಕ್ಕದಲ್ಲಿತ್ತು ಎಂಬುದು ಕಿತ್ತ ಕೈಯೊಡನೆಯೇ ಹೋಯಿತು. ಹಾಗೆ ನೋಡಿದರೆ ಕರ್ಕ್‌ಪ್ಯಾಟ್ರಿಕ್ ತಿಜೋರಿ ಎತ್ತಿದ್ದೂ ಇಂದಿನ ಕಾಯ್ದೆಯ ಕಣ್ಣಿಗೆ ತಪ್ಪೇ. ಆದರೆ ಅದು ಬರದಿದ್ದರೆ ಹಡಗಿನ ಹೆಸರು ಗೊತ್ತಾಗಲು ಇನ್ನೆಷ್ಟು ಕಾಲ ಬೇಕಿತ್ತೋ. ಈ ಇಕ್ಕಟ್ಟಿಗೆ ನನ್ನ ಬಳಿ ನೇರ ಉತ್ತರವಿಲ್ಲ.

ನಮ್ಮ ಪಡುವಣ ಕಡಲಿಗೂ ಇಂಥ ಒಂದು ಅಕ್ಷರದ ಕತೆಯಿದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲಡಿಯ ಪುರಾತತ್ವ ಶುರುವಾದದ್ದು 1981ರಲ್ಲಿ, ಮೈಸೂರಿನಲ್ಲಿ ಓದಿದ ಶಿಕಾರಿಪುರ ರಂಗನಾಥ ರಾವ್ ಅವರ ಮುಂದಾಳುತನದಲ್ಲಿ. ಅವರ ದ್ವಾರಕೆಯ ಶೋಧ ಪತ್ರಿಕೆಗಳಲ್ಲಿ ಸದ್ದು ಮಾಡಿತು. ಅದೇ ಸಂಸ್ಥೆಯವರು ಮುಂದೆ ಗೋವಾದ ಗ್ರಾಂಡೆ ದ್ವೀಪದ ಆಸುಪಾಸಿನ ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಮುಳುಗಿ ನೋಡಿದಾಗ ಸಿಕ್ಕಿದ ಹಡಗಿನ ಸುದ್ದಿ ಅಷ್ಟು ದೂರ ಹೋಗಲಿಲ್ಲ. ಅಲ್ಲಿ ಚಿನ್ನವಿರಲಿಲ್ಲ, ಫಿರಂಗಿಯ ವೈಭವವಿರಲಿಲ್ಲ. ಇದ್ದದ್ದು ಸುಟ್ಟ ಮಣ್ಣಿನ ಸರಕು: ಇಟ್ಟಿಗೆ, ನೆಲದ ಬಿಲ್ಲೆ, ಮೂಲೆಹೆಂಚು, ಕಂಬದ ತುದಿಗೆ ಕೂರಿಸುವ ಎಲೆಬಳ್ಳಿ ಕೆತ್ತನೆಯ ಬೋದಿಗೆ. ಅವುಗಳ ಮೇಲೆ ಇಂಗ್ಲಿಷಿನಲ್ಲಿ ಒತ್ತಿದ್ದ ಮುದ್ರೆ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೊತ್ತಿಸಿದ ಹೆಂಚಿನ ಗೂಡು, ನದಿದಂಡೆಯ ಆವೆಮಣ್ಣನ್ನು ದೇಶವಿದೇಶಗಳ ಮಾಡಿಗೆ ಏರಿಸಿತು. ಇಲ್ಲೊಂದು ಎಚ್ಚರ ಬೇಕು. 1865 ಎಂದು ಬರೆದಿರುವುದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಎಷ್ಟೋ ವರ್ಷ ಅದೇ ಅಚ್ಚು ನಡೆಯಿತು. ಆದ್ದರಿಂದ ಈ ಹಡಗು 1865ಕ್ಕಿಂತ ಹಿಂದಿನದಲ್ಲ ಎಂದಷ್ಟನ್ನೇ ಆ ಅಂಕಿ ಹೇಳುತ್ತದೆ. ತಿಜೋರಿಯ ನಂಬರಿನಷ್ಟು ಖಡಕ್ಕಾಗಿ ಅಲ್ಲ. ಕಡಲಡಿಯ ಅಕ್ಷರಗಳನ್ನೂ ಹಾಗೆ ಒಂದೇ ಏಟಿಗೆ ನಂಬಿಬಿಡುವಂತಿಲ್ಲ.

ಉಡುಪಿಯಿಂದ ಕಾಸರಗೋಡಿನವರೆಗೆ ಹಳೆಯ ಮನೆಗಳ ಅಟ್ಟ ಹತ್ತಿ, ಜಂತಿಯ ನಡುವೆ ಟಾರ್ಚ್ ಬಿಟ್ಟು ನೋಡಿ. ಹೊಗೆ ಹಿಡಿದ ಹೆಂಚಿನ ಒಳಮೈಯಲ್ಲಿ ಅದೇ ಮುದ್ರೆ ಇನ್ನೂ ಸಿಗುತ್ತದೆ. ಗೋವಾದ ನೀರಿನಡಿ ಉಳಿದದ್ದು, ಯಾವುದೋ ಊರಿನ ಮಾಡು ಸೇರಬೇಕಾಗಿದ್ದ ಅವುಗಳ ಅಣ್ಣತಮ್ಮಂದಿರು. ಅವುಗಳ ಮೇಲೆ ಕಾರ್ಖಾನೆಯ ಹೆಸರಿದೆ, ಹಡಗಿನ ಹೆಸರಿಲ್ಲ.