ಪಂಪು ಬದಲಿಸುವ ಮುಂಚೆ ಅರ್ತಿಂಗ್ ನೋಡಿ

ಮಳೆ ನಂಬಿದ ನಮ್ಮ ಹೊಲದಲ್ಲಿ ರಾಗಿ, ಒಂದಿಷ್ಟು ಹಿಪ್ಪುನೇರಳೆ. ಸಾತನೂರಿನಿಂದ ರಾಮನಗರದ ಮಾರುಕಟ್ಟೆಗೆ ಗೂಡು ಹೊರೋದು ಹಳೇ ಎಂಪಿಎಫ್‌ಐ ಓಮ್ನಿ. ಹೋದ ಬೆಳೆಯಲ್ಲಿ ಏರು ಬಂದರೆ ಗಾಡಿ ಜಗ್ಗಿ ಜಗ್ಗಿ ನಿಲ್ಲತೊಡಗಿತು. ಗೂಡು ತಡವಾದರೆ ಚಿಟ್ಟೆ ತೂತು ಮಾಡಿ ಹೊರಬರುತ್ತೆ, ಬೆಲೆ ಹೋಗುತ್ತೆ. ಪ್ಲಗ್ಗು, ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಗುಣ ಕಾಣಲಿಲ್ಲ. "ಪಂಪೇ ಹೋಗಿದೆ" ಎಂದರು ಒಬ್ಬರು.

ಪರಿಚಯದ ಮೆಕ್ಯಾನಿಕ್ ಗೇಜು ಹಾಕಿದರು. ಇಂಥ ಎಂಜಿನಿಗೆ ಸುಮಾರು 2.5ರಿಂದ 3 ಕೆಜಿ ಒತ್ತಡ ಬೇಕು. ನಮ್ಮದು 2 ದಾಟಲಿಲ್ಲ. ಪಂಪು ಓಡುತ್ತಿರುವಾಗಲೇ ಅದರ ವೈರಿಗೆ ಮೀಟರು ಇಟ್ಟರು. ಬ್ಯಾಟರಿಯಲ್ಲಿ 13 ವೋಲ್ಟು, ಪಂಪಿಗೆ ಸಿಗುತ್ತಿದ್ದದ್ದು 9! ಗಾಡಿ ತಳದ ಅರ್ತಿಂಗ್ ಬೋಲ್ಟು ತುಕ್ಕು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಒತ್ತಡ ಸರಿಹೋಯಿತು. ವೋಲ್ಟೇಜು ಇಳಿದಾಗ ಬೋರ್‌ವೆಲ್ ಮೋಟಾರು ನೀರೆತ್ತದ ಹಾಗೇ ಇದೂ.

ಕೀ ತಿರುಗಿಸಿದಾಗ ಟ್ಯಾಂಕಿನ ಕಡೆ ಎರಡು ಸೆಕೆಂಡು 'ಗುಂಯ್' ಎಂದರೆ ಪಂಪು ಓಡುತ್ತಿದೆ ಎಂದಷ್ಟೇ ಅರ್ಥ, ಒತ್ತಡ ಸಾಕು ಎಂದಲ್ಲ. ಪೈಪು ಬಿಚ್ಚುವುದನ್ನು ಬಲ್ಲವರಿಗೇ ಬಿಡಿ. ಪೆಟ್ರೋಲು ಚಿಮ್ಮುತ್ತೆ, ಬೀಡಿ ದೂರ ಇರಲಿ.